ಪೆರೋಲ್ ಬೋರ್ಡ್ ಮೇಲೆ ಕೇಸ್ ಹಾಕಿದ ಇಬ್ರು ಕೈದಿಗಳು

ಮೂರು ದಿನದಿಂದ ಒಂದು ಅಮೆರಿಕದ ತೀರ್ಪು ತಲೆಯಿಂದ ಹೋಗ್ತಾನೇ ಇಲ್ಲ, ವಿಲ್ಕಿನ್ಸನ್ ವರ್ಸಸ್ ಡಾಟ್ಸನ್ ಅಂತ, 2005ರದ್ದು. ನಮ್ಮಲ್ಲಿ ಪೆರೋಲ್ ಅಂದ್ರೆ ಮನೇಲಿ ಮದ್ವೆನೋ ಸಾವೋ ಅಂತ ಸ್ವಲ್ಪ ದಿನ ಹೊರಗೆ ಬಿಟ್ಟು ಮತ್ತೆ ಒಳಗೆ ಕರ್ಕೊಳ್ಳೋದು, ಅಲ್ಲಿ ಹಾಗಲ್ಲ, ಶಿಕ್ಷೆ ಮುಗಿಯೋಕೆ ಮುಂಚೆನೇ ಷರತ್ತು ಹಾಕಿ ಮನೆಗೆ ಕಳಿಸೋದು, ಕಳಿಸ್ಬೇಕೋ ಬೇಡ್ವೋ ಅನ್ನೋದು ಬೋರ್ಡಿನ ಕೈಯಲ್ಲಿ.

ಡಾಟ್ಸನ್ ಓಹಾಯೋದ ಕೈದಿ, 1981ರಿಂದ ಜೀವಾವಧಿ. 1995ರಲ್ಲಿ ಪೆರೋಲ್ ಕೇಳಿದ, ಆಗಲ್ಲ ಅಂದ್ರು. 2000ದಲ್ಲಿ ಒಬ್ಬ ಪೆರೋಲ್ ಅಧಿಕಾರಿ ಫೈಲ್ ನೋಡಿ ಇನ್ನೂ ಕನಿಷ್ಠ 5 ವರ್ಷ ಇವನ ವಿಷಯ ತೆಗೆಯೋದೇ ಬೇಡ ಅಂದ್ಬಿಟ್ಟ, ಅದೂ 1998ರ ಗೈಡ್‌ಲೈನ್ ಹಿಡ್ಕೊಂಡು, ಅಂದ್ರೆ ಆತ ಒಳಗೆ ಹೋಗಿ 17 ವರ್ಷ ಆದ್ಮೇಲೆ ಬಂದಿದ್ದು! ಅದನ್ನ ಹಳೇ ಕೈದಿಯಾದ ನಂಗೆ ಹಾಕಿದ್ದು ತಪ್ಪು ಅನ್ನೋದು ಅವನ ದೂರು. ಇನ್ನೊಬ್ಬ ಜಾನ್ಸನ್, 10ರಿಂದ 30 ವರ್ಷದ ಶಿಕ್ಷೆ, 1999ರಲ್ಲಿ ಅವನ ವಿಚಾರಣೆ ಆಯ್ತು, ಕೂತಿರ್ಬೇಕಾದಷ್ಟು ಮೆಂಬರ್‌ಗಳೇ ಇರ್ಲಿಲ್ಲ, ನಂಗೆ ಸರಿಯಾಗಿ ಮಾತಾಡೋಕೂ ಬಿಡ್ಲಿಲ್ಲ ಅನ್ನೋದು ಅವನ ದೂರು. ಇದನ್ನ ಓದಿದಾಗ ನಂಗೆ ಹೊಟ್ಟೆ ಕಿವುಚಿದ ಹಾಗಾಯ್ತು, ಅಷ್ಟು ವರ್ಷ ಕಾದು ಸಿಕ್ಕ ಒಂದು ಸಲ ಬಾಯಿ ಬಿಡೋ ಅವಕಾಶ ಅದು.

ಇಬ್ರೂ ಸೆಕ್ಷನ್ 1983 ಅಡಿ ಕೇಸ್ ಹಾಕಿದ್ರು. ಅದು 1871ರ ಕಾನೂನು, ರಾಜ್ಯದ ಅಧಿಕಾರಿ ನಿಮ್ಮ ಸಂವಿಧಾನದ ಹಕ್ಕು ಮುರಿದ್ರೆ ಸೀದಾ ಫೆಡರಲ್ ಕೋರ್ಟಿಗೆ, ಅಂದ್ರೆ ಕೇಂದ್ರದ ಕೋರ್ಟಿಗೆ, ಹೋಗ್ಬಹುದು. ಸರ್ಕಾರದ ಕಡೆಯವ್ರು ಹಿಡಿದ ದಾರಿ ನೋಡಿ, ಇವ್ರಿಗೆ ಒಳಗೊಳಗೇ ಬೇಗ ಬಿಡುಗಡೆ ಆಗೋ ಆಸೆ ಇದೆ, ಹಾಗಾಗಿ ಇದು ಹೇಬಿಯಸ್ ಕಾರ್ಪಸ್ ಕೇಸು (ನನ್ನನ್ನ ಒಳಗೆ ಇಟ್ಟಿರೋದೇ ತಪ್ಪು, ಬಿಡ್ಸಿ ಅಂತ ಕೇಳೋದು), ಅದಕ್ಕೆ ಮೊದ್ಲು ರಾಜ್ಯದ ಕೋರ್ಟುಗಳನ್ನೆಲ್ಲ ಸುತ್ತಿ ಬರ್ಲಿ ಅಂತ. ಬಿಡುಗಡೆ ಆಸೆ ಯಾವ ಕೈದಿಗಿಲ್ಲ ಹೇಳಿ? ಆದ್ರೆ ಇವ್ರು ಕೇಳಿದ್ದು ನಿಯಮದ ಪ್ರಕಾರ ಇನ್ನೊಂದು ವಿಚಾರಣೆ, ಅಷ್ಟೇ.

ಸುಪ್ರೀಂ ಕೋರ್ಟಲ್ಲಿ ಜಸ್ಟೀಸ್ ಬ್ರೇಯರ್ ಬರೆದ ತೀರ್ಪು ನಿಂತಿರೋದು ಒಂದೇ ಪ್ರಶ್ನೆ ಮೇಲೆ. ಇವ್ರು ಗೆದ್ರೆ ಬಿಡುಗಡೆ ಬೇಗ ಆಗ್ಲೇಬೇಕಾ? ಇಲ್ಲ. ಹೊಸ ವಿಚಾರಣೆ ಮಾಡಿ ಬೋರ್ಡ್ ಮತ್ತೆ ಆಗಲ್ಲ ಅನ್ಬಹುದು, ಆದ್ರಿಂದ ಸೆಕ್ಷನ್ 1983 ಬಾಗಿಲು ಮುಚ್ಚೋ ಹಾಗಿಲ್ಲ. 8 ಜನ ಒಂದು ಕಡೆ, ಜಸ್ಟೀಸ್ ಕೆನಡಿ ಒಬ್ರೇ ಇನ್ನೊಂದು ಕಡೆ. "ಆಗ್ಲೇಬೇಕಾ" ಅನ್ನೋದ್ರ ಆ "ಲೇ" ಮೇಲೆ ಇಡೀ ಕೇಸ್ ನಿಂತಿದೆ ನೋಡಿ.

ಕೈದಿಗಳು ಸುಮ್ನೆ ಟೈಂಪಾಸ್‌ಗೆ ಕೇಸ್ ಹಾಕ್ತಾರೆ ಅನ್ನೋವ್ರನ್ನ ಕಂಡ್ರೆ ನಂಗೆ ನಿಜವಾಗ್ಲೂ ಬೇಜಾರಾಗುತ್ತೆ. 1996ರಿಂದ ಅಲ್ಲಿ ಬಡ ಕೈದಿಗೂ ಕೋರ್ಟ್ ಫೀಸ್ ಮಾಫಿ ಇಲ್ಲ, ಜೈಲಿನ ಅಕೌಂಟಿಗೆ ತಿಂಗಳಲ್ಲಿ ಬಂದಿದ್ರಲ್ಲಿ 20% ಕಂತಾಗಿ ಮುರ್ಕೊಳ್ತಾರೆ, ಪೂರ್ತಿ ತೀರೋ ತನಕ. ಮನೆಯವ್ರು ಕಳ್ಸಿದ ದುಡ್ಡಲ್ಲೂ.

ಡಾಟ್ಸನ್ ಹೇಳಿದ್ದು ಸರಿನಾ ತಪ್ಪಾ ಅನ್ನೋದನ್ನ ಸುಪ್ರೀಂ ಕೋರ್ಟ್ ಮುಟ್ಲೇ ಇಲ್ಲ, ಕೇಸ್ ನಡೀಲಿ ಅಂತ ವಾಪಸ್ ಕಳಿಸ್ತು. ತೀರ್ಪು ಬಂದಿದ್ದು 2005ರ ಮಾರ್ಚ್ 7ಕ್ಕೆ. 2000ದಲ್ಲಿ ಆ ಅಧಿಕಾರಿ ಕಾಯಿ ಅಂದಿದ್ದ 5 ವರ್ಷ ಅಷ್ಟೊತ್ತಿಗೆ ಬಹುತೇಕ ಕಳೆದೇ ಹೋಗಿತ್ತು.