ಹೈಫನ್ ನಂಬಬೇಡಿ, ಕಿವಿ ಕೊಡಿ

ಮ್ಯಾಂಚೆಸ್ಟರಿನ ಸೇಂಟ್ ಪೀಟರ್ಸ್ ಸ್ಕ್ವೇರಿನಿಂದ ದಕ್ಷಿಣಕ್ಕೆ ಹೊರಡುವ ಬೀದಿ ಆಕ್ಸ್‌ಫರ್ಡ್ ಸ್ಟ್ರೀಟ್. ಸ್ವಲ್ಪ ಮುಂದೆ ಹೋದರೆ ಅದೇ ಬೀದಿ ಆಕ್ಸ್‌ಫರ್ಡ್ ರೋಡ್ ಆಗುತ್ತದೆ. ನಮ್ಮ ಹಾಸನದ ಬಿ.ಎಂ. ರೋಡಿಗೆ ನಡುವೆ ಹೆಸರು ಬದಲಾಯಿಸಿದರೆ ನಾವು ಬೋರ್ಡು ನೋಡಿ ಸುಮ್ಮನಾಗುತ್ತೇವೆ, ಅಷ್ಟೇ. ಇಲ್ಲಿ ದನಿಯೂ ಬದಲಾಗುತ್ತದೆ. ಸ್ಟ್ರೀಟ್ ಇದ್ದಾಗ ಒತ್ತು 'ಆಕ್ಸ್' ಮೇಲೆ, ಸ್ಟ್ರೀಟ್ ತಗ್ಗಿದ ದನಿಯಲ್ಲಿ ಬಂದು ಹೋಗುತ್ತದೆ. ರೋಡ್ ಆದ ಕೂಡಲೇ ಒತ್ತು ರೋಡಿಗೆ. ಲೇನ್, ಅವೆನ್ಯೂಗಳಿಗೂ ಹೀಗೇ. ಸ್ಟ್ರೀಟ್ ಒಂದಕ್ಕೇ ಈ ಸಂಕೋಚ.

ಹಾಸನದಲ್ಲಿ ಇಂಟರ್‌ವ್ಯೂಗೆ ತಯಾರಾಗುತ್ತಿರುವ ಅಕ್ಕನ ಮಗಳು ಮೊನ್ನೆ ಫೋನಿನಲ್ಲಿ ಕೇಳಿದಳು: "ಚಿಕ್ಕಮ್ಮ, ಇಂಗ್ಲಿಷಲ್ಲಿ ಎರಡು ಪದದ ನಡುವೆ ಗೀಟು, ಅದೇ ಹೈಫನ್, ಇದ್ರೆ ಮೊದಲನೇ ಪದಾನೇ ಒತ್ತಿ ಹೇಳ್ಬೇಕಂತೆ, ಹೌದಾ?"

ಅರ್ಧ ಹೌದು. ಏರ್‌ಪೋರ್ಟಿನ ಚೆಕ್-ಇನ್ ನೋಡಿ. ನಾಮಪದವಾದರೆ ಒತ್ತು 'ಚೆಕ್' ಮೇಲೆ. ಕ್ರಿಯಾಪದವಾಗಿ ಬಿಡಿಸಿ ಬಳಸಿದರೆ 'ಇನ್' ಮೇಲೆ. (ನಮ್ಮೂರ ಬಾಯಲ್ಲಿ ಅದು 'ಚೆಕ್ಕಿನ್ನು', ಎರಡು ಸಿಲಬಲ್, ಅಂದರೆ ಉಚ್ಚಾರದ ತುಂಡು, ಇದ್ದದ್ದು ಮೂರಾಗಿರುತ್ತದೆ.) ಮದರ್-ಇನ್-ಲಾಗೂ ಒತ್ತು ಮೊದಲಲ್ಲೇ. ಆದರೆ ಪಾಸರ್-ಬೈ, ರನ್ನರ್-ಅಪ್‌ಗಳಲ್ಲಿ ಹೈಫನ್ ಇದ್ದೂ ಒತ್ತು ಕೊನೆಗೆ ಬೀಳುತ್ತದೆ.

ಅಸಲಿಗೆ ಹೈಫನ್ನಿನ ಬಾಳೇ ಗಟ್ಟಿಯಲ್ಲ. 2007ರಲ್ಲಿ ಬಂದ ಶಾರ್ಟರ್ ಆಕ್ಸ್‌ಫರ್ಡ್ ಡಿಕ್ಷನರಿಯ ಆರನೇ ಆವೃತ್ತಿ ಸುಮಾರು 16,000 ಪದಗಳ ಹೈಫನ್ ಕಿತ್ತುಹಾಕಿತು. ಪಿಜನ್-ಹೋಲ್ ಕೂಡಿ ಒಂದಾಯಿತು, ಫಿಗ್-ಲೀಫ್ ಬಿಡಿಸಿ ಎರಡಾಯಿತು. ಜನ ಹೇಳುವ ರೀತಿ ಮಾತ್ರ ಇದ್ದ ಹಾಗೇ ಇದೆ.

ನಮಗಿದು ತೊಡಕಾಗುವುದು ಸಹಜ. ಕನ್ನಡದಲ್ಲಿ ಎರಡು ಪದ ಕೂಡಿದ ಗುರುತು ಎಷ್ಟೋ ಸಲ ಅಕ್ಷರದಲ್ಲೇ ಸಿಗುತ್ತದೆ: ಮಳೆ, ಕಾಲ ಸೇರಿ ಮಳೆಗಾಲ, ಬೆಟ್ಟ, ತಾವರೆ ಸೇರಿ ಬೆಟ್ಟದಾವರೆ. ಸ್ಕೂಲಿನ ಆದೇಶ ಸಂಧಿ ನೆನಪಿದೆಯಲ್ಲ? ಇಂಗ್ಲಿಷಿನವರು ಅಕ್ಷರ ಮುಟ್ಟದೆ ದನಿಯಲ್ಲೇ ಬೆಸುಗೆ ಹಾಕುತ್ತಾರೆ. 'ಗ್ರೀನ್' ಒತ್ತಿ ಗ್ರೀನ್‌ಹೌಸ್ ಎಂದರೆ ಗಿಡ ಬೆಳೆಸುವ ಗಾಜಿನ ಮನೆ. 'ಹೌಸ್' ಒತ್ತಿದರೆ ಯಾರದೋ ಹಸಿರು ಬಣ್ಣದ ಮನೆ. ದೀರ್ಘ, ಒತ್ತಕ್ಷರ ತಪ್ಪಿದರೆ ತಟ್ಟನೆ ಹಿಡಿಯುವ ನಮ್ಮ ಕಿವಿ ಈ ಏರಿಳಿತವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಅವಳಿಗೆ ಹೇಳಿದ್ದು ಇಷ್ಟು: ಡಿಕ್ಷನರಿಯಲ್ಲಿ ಉಚ್ಚಾರಣೆ ಕೊಟ್ಟ ಕಡೆ ಒಂದು ಸಿಲಬಲ್ ಶುರುವಾಗುವ ಮೊದಲು, ಮೇಲ್ಗಡೆ, ಸಣ್ಣ ಗೀಟು ಇರುತ್ತದೆ. ಒತ್ತು ಆ ಸಿಲಬಲ್ಲಿಗೆ. ಪದದ ನಡುವಿನ ಗೀಟು ಬಿಟ್ಟು ಅದನ್ನು ನೋಡು.

"ಸರಿ, ರನ್ನರ್-ಅಪ್ ಇಬ್ಬರಿದ್ರೆ?"

"ರನ್ನರ್ಸ್-ಅಪ್."

"ಎಸ್ಸು ನಡುವೆ, ಒತ್ತು ಕೊನೇಲಿ! ನಾನು ಫಸ್ಟೇ ಬರ್ತೀನಿ ಬಿಡಿ ಚಿಕ್ಕಮ್ಮ."