ಕಾರು ಬದಲಾದಾಗ ಎಡಗಾಲಿನ ಲೆಕ್ಕ

ಒಂದೇ ಕಾರನ್ನು ವರ್ಷಗಟ್ಟಲೆ ಓಡಿಸಿದವರು ಬೇರೊಂದು ಕಾರಿನಲ್ಲಿ ಕುಳಿತ ಕೂಡಲೇ ಗೇರ್ ಲಿವರ್ ಹಿಡಿದು ಅಲ್ಲಾಡಿಸಿ ನೋಡುತ್ತಾರೆ. ರಿವರ್ಸ್ ಎಲ್ಲಿದೆ, ಅದಕ್ಕೆ ಲಿವರ್‌ನ ಬಳೆಯನ್ನು ಮೇಲೆತ್ತಬೇಕೋ ಅಥವಾ ಲಿವರನ್ನೇ ಕೆಳಕ್ಕೆ ಒತ್ತಬೇಕೋ ಎಂಬುದನ್ನು ತಿಳಿದುಕೊಳ್ಳಬೇಕಾದದ್ದು ಸರಿಯೇ. ಆದರೆ ಕೈ ಅದನ್ನೆಲ್ಲ ಬೇಗನೆ ಕಲಿತುಬಿಡುತ್ತದೆ. ಹಳೆಯ ಅಭ್ಯಾಸ ಬಿಡಲು ಹಟ ಮಾಡುವುದು ಎಡಗಾಲು. ಸಣ್ಣ ಪೆಟ್ರೋಲ್ ಕಾರಿನಿಂದ ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿಯನ್ನು ಒತ್ತಿ ಕೊಡುವ ಸಾಧನ) ಇರುವ ಡೀಸೆಲ್ ಕಾರಿಗೆ ಬಂದ ನನಗೆ ಹೊಸದಾಗಿ ರೂಢಿಸಿಕೊಳ್ಳಬೇಕಾಗಿ ಬಂದದ್ದು ಮುಖ್ಯವಾಗಿ ಒಂದೇ ವಿಷಯ: ಗೇರ್ ಬಿದ್ದ ಮೇಲೆ ಕ್ಲಚ್ ಅನ್ನು ಯಾವಾಗ, ಎಷ್ಟು ನಿಧಾನವಾಗಿ ಬಿಡಬೇಕು ಎಂಬುದು.

ಮೊದಲು ಸೀಟನ್ನು ಸರಿಪಡಿಸಿಕೊಳ್ಳಬೇಕು. ಪೆಡಲ್ ಪೂರ್ತಿ ಕೆಳಗೆ ಹೋದಾಗಲೂ ಮೊಣಕಾಲು ತುಸು ಮಡಚಿಕೊಂಡೇ ಇರಬೇಕು. ಅನಂತರ ಸಮತಟ್ಟಾದ ಖಾಲಿ ಜಾಗದಲ್ಲಿ ಮೊದಲ ಗೇರ್ ಹಾಕಿ, ಆಕ್ಸಿಲರೇಟರ್ ಮುಟ್ಟದೆ, ಕ್ಲಚ್ ಅನ್ನು ಬಹಳ ನಿಧಾನವಾಗಿ ಮೇಲಕ್ಕೆ ಬಿಡುತ್ತ ಬಂದರೆ ಒಂದು ಹಂತದಲ್ಲಿ ಎಂಜಿನ್ನಿನ ಸದ್ದು ಸ್ವಲ್ಪ ದಪ್ಪವಾಗಿ, ಸ್ಟೀರಿಂಗ್‌ನಲ್ಲಿ ಸಣ್ಣ ನಡುಕ ಹುಟ್ಟಿ, ಕಾರು ಮುಂದಕ್ಕೆ ತೆವಳಲು ತೊಡಗುತ್ತದೆ. ಕ್ಲಚ್ ಹಿಡಿಯುವ ಜಾಗ ಅದೇ. ಕೆಲವು ಕಾರುಗಳಲ್ಲಿ ಅದು ನೆಲಕ್ಕೆ ಹತ್ತಿರ ಇರುತ್ತದೆ, ಕೆಲವದರಲ್ಲಿ ಪೆಡಲ್ ಮುಕ್ಕಾಲು ಭಾಗ ಮೇಲೆ ಬಂದ ಮೇಲೆ ಸಿಗುತ್ತದೆ. ಕೇಬಲ್ ಕ್ಲಚ್ ಇರುವ ಹಳೆಯ ಕಾರುಗಳಲ್ಲಿ ಪ್ಲೇಟ್ ಸವೆದಂತೆಲ್ಲ, ಕೇಬಲ್ ಹೊಂದಾಣಿಕೆ ಮಾಡಿಸದಿದ್ದರೆ, ಈ ಜಾಗ ಮೇಲಕ್ಕೆ ಸರಿಯುತ್ತ ಹೋಗುತ್ತದೆ. ದ್ರವದ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಕ್ಲಚ್ ಸಾಮಾನ್ಯವಾಗಿ ಹಗುರ, ಆದರೆ ಅದು ಹಿಡಿಯುತ್ತಿರುವುದು ಅಂಗಾಲಿಗೆ ಅಷ್ಟು ಸ್ಪಷ್ಟವಾಗಿ ತಿಳಿಯುವುದಿಲ್ಲ. ಅಲ್ಲಿ ಕಾಲಿಗಿಂತ ಕಿವಿಯನ್ನು ನಂಬುವುದು ಮೇಲು.

ಹೊರಡುವುದು ರೂಢಿಯಾದ ಮೇಲೂ ಉಳಿಯುವ ತೊಂದರೆ ಎಂದರೆ ಗೇರ್ ಏರಿಸುವಾಗಿನ ಜರ್ಕ್. ಹೆಚ್ಚಿನವರು ಇದಕ್ಕೆ ಗೇರ್‌ಬಾಕ್ಸನ್ನು ದೂರುತ್ತಾರೆ. ಆದರೆ ಇಲ್ಲಿರುವುದು ಸರಳ ಲೆಕ್ಕ. ಎರಡನೆಯ ಗೇರ್‌ನ ಅನುಪಾತ (ಗೇರ್‌ಬಾಕ್ಸಿನಿಂದ ಹೊರಬರುವ ಒಂದು ಸುತ್ತಿಗೆ ಎಂಜಿನ್ ತಿರುಗುವ ಸುತ್ತುಗಳು) 1.95, ಮೂರನೆಯದು 1.30 ಎಂದಿಟ್ಟುಕೊಳ್ಳೋಣ. ಎರಡನೆಯ ಗೇರ್‌ನಲ್ಲಿ ಎಂಜಿನ್ 3000 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 3000 ಸುತ್ತು, ತಿರುಗುತ್ತಿದ್ದರೆ, ಅದೇ ವೇಗಕ್ಕೆ ಮೂರನೆಯ ಗೇರ್‌ನಲ್ಲಿ ಅದು 2000 ಆರ್‌ಪಿಎಂನಲ್ಲಿ ತಿರುಗಬೇಕು. ಕ್ಲಚ್ ಒತ್ತಿ, ಆಕ್ಸಿಲರೇಟರ್ ಬಿಟ್ಟು, ಲಿವರ್ ಸರಿಸಿ, ಮತ್ತೆ ಕ್ಲಚ್ ಬಿಡುವಷ್ಟರಲ್ಲಿ ಎಂಜಿನ್ ಈ 1000 ಆರ್‌ಪಿಎಂ ಇಳಿದಿರಬೇಕು. ಹಗುರವಾದ ಫ್ಲೈವೀಲ್ (ಎಂಜಿನ್ನಿನ ಜೊತೆಗೇ ತಿರುಗುವ ತೂಕದ ಚಕ್ರ) ಇರುವ ಸಣ್ಣ ಎಂಜಿನ್ ಚಟ್ಟನೆ ಇಳಿಯುತ್ತದೆ; ಭಾರವಾದ ಫ್ಲೈವೀಲ್ ಇರುವ ಡೀಸೆಲ್ ಎಂಜಿನ್ ಸಾವಕಾಶವಾಗಿ ಇಳಿಯುತ್ತದೆ. ಈಚಿನ ಅನೇಕ ಪೆಟ್ರೋಲ್ ಕಾರುಗಳಲ್ಲಿ ಹೊಗೆಯ ನಿಯಮಗಳಿಗಾಗಿ ಎಲೆಕ್ಟ್ರಾನಿಕ್ ಥ್ರಾಟಲ್ (ಎಂಜಿನ್ನಿಗೆ ಗಾಳಿ ಬಿಡುವ ಕವಾಟ) ಬೇಕೆಂದೇ ನಿಧಾನವಾಗಿ ಮುಚ್ಚಿಕೊಳ್ಳುವುದರಿಂದ, ಕಾಲು ತೆಗೆದರೂ ಆರ್‌ಪಿಎಂ ಮುಳ್ಳು ಅರೆಗಳಿಗೆ ಅಲ್ಲೇ ನಿಂತಿರುತ್ತದೆ. ಹಳೆಯ ಕಾರಿನ ಲಯದಲ್ಲೇ ಕ್ಲಚ್ ಬಿಟ್ಟರೆ ಇನ್ನೂ ಜೋರಾಗಿ ತಿರುಗುತ್ತಿರುವ ಎಂಜಿನ್ ಕಾರನ್ನು ಮುಂದಕ್ಕೆ ನೂಕುತ್ತದೆ, ಎಲ್ಲರ ತಲೆಯೂ ಒಮ್ಮೆ ತೂಗುತ್ತದೆ. ಅನುಪಾತಗಳ ನಡುವಿನ ಅಂತರ ಸಾಮಾನ್ಯವಾಗಿ ಮೊದಲ ಮತ್ತು ಎರಡನೆಯ ಗೇರ್‌ಗಳ ನಡುವೆಯೇ ಅತಿ ಹೆಚ್ಚು. ಆದ್ದರಿಂದಲೇ ಜರ್ಕ್ ಅಲ್ಲಿಯೇ ಎದ್ದು ಕಾಣುತ್ತದೆ. ಪರಿಹಾರವೆಂದರೆ ಲಿವರನ್ನು ನ್ಯೂಟ್ರಲ್ ದಾಟಿಸುವಾಗ ಅವಸರ ಮಾಡದೆ, ಎಂಜಿನ್ನಿನ ಸದ್ದು ತಕ್ಕಷ್ಟು ಇಳಿದದ್ದನ್ನು ಕೇಳಿಸಿಕೊಂಡು ಕ್ಲಚ್ ಬಿಡುವುದು.

ಗೇರ್ ಇಳಿಸುವಾಗ ಇದೇ ಲೆಕ್ಕ ತಿರುಗುಮುರುಗಾಗುತ್ತದೆ. ಸಿಂಕ್ರೊನೈಸರ್ ಇರುವುದರಿಂದ ಎಲ್ಲವೂ ತಾನಾಗಿ ಹೊಂದಿಕೊಳ್ಳುತ್ತದೆ ಎಂಬ ನಂಬಿಕೆ ಅರ್ಧ ಮಾತ್ರ ಸರಿ. ಅದು ಹೊಂದಿಸುವುದು ಗೇರ್‌ಬಾಕ್ಸಿನೊಳಗಿನ ವೇಗಗಳನ್ನು, ಎಂಜಿನ್ನಿನ ವೇಗವನ್ನಲ್ಲ. ಹೀಗಾಗಿ ಕ್ಲಚ್ ಬಿಡುವ ಮುನ್ನ ಆಕ್ಸಿಲರೇಟರನ್ನು ತುಸು ಮುಟ್ಟಿ ಎಂಜಿನ್ನನ್ನು ಮೇಲೇರಿಸಿಕೊಂಡರೆ ಕ್ಲಚ್ಚಿಗೂ ಹಿತ, ಒಳಗೆ ಕುಳಿತವರಿಗೂ ಹಿತ. ಪೆಟ್ರೋಲ್ ಕಾರಿನಿಂದ ಡೀಸೆಲ್‌ಗೆ ಬಂದವರು ಇನ್ನೊಂದನ್ನು ನೆನಪಿಡಬೇಕು: ಡೀಸೆಲ್ ಎಂಜಿನ್ನಿನ ಕೆಂಪು ಗೆರೆ (ಎಂಜಿನ್ ದಾಟಬಾರದ ಆರ್‌ಪಿಎಂ ಮಿತಿ) ಬಹಳ ಮೊದಲೇ, ಸುಮಾರು 4500 ಆರ್‌ಪಿಎಂ ಸುತ್ತಮುತ್ತ ಬಂದುಬಿಡುತ್ತದೆ. ಹಳೆಯ ಕಾರಿನಲ್ಲಿ ಎರಡನೆಯ ಗೇರ್‌ಗೆ ಇಳಿಸುತ್ತಿದ್ದ ವೇಗ ಇಲ್ಲಿ ಅಪಾಯಕಾರಿಯಾಗಬಹುದು. ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತಿರುವಾಗ ಇಂಧನ ನಿಲ್ಲಿಸುವ ರೆವ್ ಲಿಮಿಟರ್ ಯಾವ ರಕ್ಷಣೆಯನ್ನೂ ಕೊಡಲಾರದು.

ಇಂಥ ವೇಗಕ್ಕೆ ಇಂಥ ಗೇರ್ ಎಂಬ ಬಾಯಿಪಾಠವನ್ನು ಹಳೆಯ ಕಾರಿನಲ್ಲೇ ಬಿಟ್ಟು ಬರುವುದು ಒಳ್ಳೆಯದು. ಟರ್ಬೊ ಡೀಸೆಲ್ 1750ರಿಂದ 2500 ಆರ್‌ಪಿಎಂ ಆಸುಪಾಸಿನಲ್ಲಿ ಚೆನ್ನಾಗಿ ಎಳೆಯುತ್ತದೆ, ಅದನ್ನು ಕೂಗಿಸುವುದರಲ್ಲಿ ಲಾಭವಿಲ್ಲ. ಹಾಗೆಂದು 1200ರಲ್ಲಿ ಎತ್ತರದ ಗೇರ್ ಹಾಕಿ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಟರ್ಬೊ ಇನ್ನೂ ಎಚ್ಚೆತ್ತಿರುವುದಿಲ್ಲ, ಎಂಜಿನ್ ಗುದ್ದಾಡುತ್ತದೆ, ನಡುವೆ ಸ್ಪ್ರಿಂಗ್ ಇರುವ ಎರಡು ಭಾಗಗಳ, ದುಬಾರಿಯಾದ ಡ್ಯುಯಲ್ ಮಾಸ್ ಫ್ಲೈವೀಲ್ ಆ ಗುದ್ದನ್ನೆಲ್ಲ ನುಂಗಬೇಕಾಗುತ್ತದೆ. ಡ್ಯಾಶ್‌ಬೋರ್ಡ್‌ನಲ್ಲಿ ಗೇರ್ ಏರಿಸಲು ಹೇಳುವ ಬಾಣದ ಗುರುತು ಇಂಧನ ಉಳಿತಾಯವನ್ನು ನೋಡುತ್ತದೆಯೇ ಹೊರತು ಮುಂದಿರುವ ಏರು ಅದಕ್ಕೆ ಕಾಣುವುದಿಲ್ಲ; ಏರುದಾರಿಯಲ್ಲಿ ನಾನು ಅದರ ಮಾತು ಕೇಳುವುದಿಲ್ಲ.

ಕೈಯ ವಿಷಯದಲ್ಲಿ ಹೇಳಬೇಕಾದದ್ದು ಸ್ವಲ್ಪವೇ. ನ್ಯೂಟ್ರಲ್‌ನಲ್ಲಿ ಬಿಟ್ಟ ಲಿವರನ್ನು ಒಳಗಿನ ಸ್ಪ್ರಿಂಗ್ ಮೂರು ಮತ್ತು ನಾಲ್ಕನೆಯ ಗೇರ್‌ಗಳ ಸಾಲಿಗೆ ತಂದು ನಿಲ್ಲಿಸುತ್ತದೆ. ಹೀಗಾಗಿ ಐದರಿಂದ ನಾಲ್ಕಕ್ಕೆ ಇಳಿಸುವಾಗ ಲಿವರನ್ನು ಮುಷ್ಟಿಯಲ್ಲಿ ಹಿಡಿದು ಎಡಕ್ಕೆ ಎಳೆಯಬಾರದು. ಎಳೆದರೆ ಎರಡನೆಯ ಗೇರ್ ಸಿಕ್ಕಿಬಿಡುವ ಅಪಾಯವಿದೆ. ಅಂಗೈಯನ್ನು ಸಡಿಲವಾಗಿಟ್ಟು ನೇರ ಹಿಂದಕ್ಕೆ ತಂದರೆ ಸಾಕು.

ಇಷ್ಟೆಲ್ಲ ಹೊಂದಿಕೊಂಡರೂ ಸರಿಹೋಗದ ಕೆಲವು ಲಕ್ಷಣಗಳಿವೆ, ಹಳೆಯ ಕಾರು ಕೊಂಡವರಿಗೆ ವಿಶೇಷವಾಗಿ. ಎತ್ತರದ ಗೇರ್‌ನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಆರ್‌ಪಿಎಂ ಮುಳ್ಳು ಏರಿ ವೇಗ ಮಾತ್ರ ಏರದಿದ್ದರೆ ಕ್ಲಚ್ ಜಾರುತ್ತಿದೆ ಎಂದರ್ಥ. ನಿಂತ ಕಾರಿನಲ್ಲಿ ಕ್ಲಚ್ ಪೂರ್ತಿ ಒತ್ತಿ ಕೆಲವು ಕ್ಷಣ ಕಾದ ಮೇಲೂ ರಿವರ್ಸ್ ಕರಕರ ಎನ್ನುತ್ತ ಬೀಳುತ್ತಿದ್ದರೆ, ಕ್ಲಚ್ ಪೂರ್ತಿಯಾಗಿ ಬಿಡುತ್ತಿಲ್ಲ. ಇವೆರಡಕ್ಕೂ ಕಾಲನ್ನು ಪಳಗಿಸುವುದು ವ್ಯರ್ಥ. ಕಾರನ್ನು ಮೆಕ್ಯಾನಿಕ್ ಬಳಿ ಒಯ್ಯಬೇಕು.