ಬಣ್ಣದ ಅಲ್ಯೂಮಿನಿಯಂ ರಿಂಗ್‌ಗಳಿಗೆ ಮತ್ತೆ ಹೊಳಪು: ಚೈನ್‌ಮೇಲ್ ಕೆಲಸ ಎಲ್ಲಿಗೆ ಬಂತು

ಚೈನ್‌ಮೇಲ್ ಅಂದರೆ ಸಣ್ಣ ಲೋಹದ ರಿಂಗ್‌ಗಳನ್ನು ಒಂದಕ್ಕೊಂದು ಕೋದು ಹೆಣೆಯುವ ಕೆಲಸ. ಈ ಮಳೆಗಾಲದಲ್ಲಿ ಹೊಸ ಹೆಣಿಗೆ ಯಾವುದನ್ನೂ ಹಿಡಿದಿಲ್ಲ. ಮನೆಯಲ್ಲಿರುವ ಆನೊಡೈಸ್ಡ್ (ಕರೆಂಟ್ ಹರಿಸಿ ಮೈಗೆ ಬಣ್ಣ ಹಿಡಿಯುವಂತೆ ಮಾಡಿದ) ರಿಂಗ್‌ಗಳನ್ನೆಲ್ಲ ಸ್ವಚ್ಛ ಮಾಡಿ, ಬಣ್ಣ ಕೆಡದಂತೆ ಹೊಳಪು ತರುವುದೊಂದೇ ಕೆಲಸ. ಹೆಚ್ಚಿನವು 1.2 ಮಿ.ಮೀ. ತಂತಿಯವು, ಒಳ ಅಳತೆ 4.4 ಮಿ.ಮೀ. ಬೈಜಾಂಟೈನ್ ಅನ್ನುವ ಸರಪಳಿ ಹೆಣಿಗೆಗೆ ಸರಿ ಹೊಂದುವ ಅಳತೆ. ಒಂದಿಷ್ಟು ಬಿಡಿ ರಿಂಗ್, ಒಂದಿಷ್ಟು ಹೆಣೆದ ಆಭರಣ. ಎರಡಕ್ಕೂ ದಾರಿ ಸ್ವಲ್ಪ ಬೇರೆ.

ಬಣ್ಣ ಎಲ್ಲಿ ಕೂತಿದೆ

ಇದು ಮೇಲೆ ಬಳಿದ ಬಣ್ಣ ಅಲ್ಲ. ಅಲ್ಯೂಮಿನಿಯಂ ಅನ್ನು ತೆಳು ಮಾಡಿದ ಸಲ್ಫ್ಯೂರಿಕ್ ಆಸಿಡ್‌ನಲ್ಲಿ ಮುಳುಗಿಸಿ ಕರೆಂಟ್ ಹರಿಸುತ್ತಾರೆ. ಆಗ ಲೋಹದ ಮೈಯಿಂದಲೇ ಆಕ್ಸೈಡಿನ ಪದರ ಬೆಳೆಯುತ್ತದೆ. ಇದೇ ಆನೊಡೈಸಿಂಗ್. ಆ ಪದರದ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳು. ಡೈ ಇಳಿಯುವುದು ಅವುಗಳೊಳಗೆ. ಆಮೇಲೆ ಕುದಿಯುವಷ್ಟು ಬಿಸಿ ನೀರಿನಲ್ಲಿಟ್ಟರೆ ಆಕ್ಸೈಡು ನೀರು ಹೀರಿ ಉಬ್ಬುತ್ತದೆ, ತೂತಿನ ಬಾಯಿ ಮುಚ್ಚುತ್ತದೆ. ಇದೇ ಸೀಲಿಂಗ್. ಇಡೀ ಪದರ ಸಾಮಾನ್ಯವಾಗಿ 5ರಿಂದ 25 ಮೈಕ್ರಾನ್ ದಪ್ಪ. ಒಂದು ಮಿಲಿಮೀಟರಿಗೆ 1000 ಮೈಕ್ರಾನ್, ಹಾಗಾದರೆ ಎಷ್ಟು ತೆಳು ಅಂತ ಲೆಕ್ಕ ಹಾಕಿ. ಹಿತ್ತಾಳೆಯನ್ನು ಉಜ್ಜಿದರೆ ಕೆಳಗೆ ಹೊಸ ಹಿತ್ತಾಳೆ ಸಿಗುತ್ತದೆ. ಇಲ್ಲಿ ಉಜ್ಜಿದರೆ ಬಣ್ಣವೇ ಹೋಗಿ ಕೆಳಗಿನ ಬಿಳಿ ಲೋಹ ಕಾಣುತ್ತದೆ. ಪಾಲಿಶ್ ಪೇಸ್ಟ್, ಸ್ಕ್ರಬ್ಬರ್, ಬೂದಿ ಯಾವುದೂ ಹತ್ತಿರ ಬರಬಾರದು.

ಬೆಳಗಾವಿಯವರಿಗೆ ಈ ಆಕ್ಸೈಡು ಹೊಸದಲ್ಲ. ಹಳಬರು ಈಗಲೂ ಇಂಡಾಲ್ ಅಂತಲೇ ಕರೆಯುವ ಹಿಂಡಾಲ್ಕೋ ಕಾರ್ಖಾನೆಯಲ್ಲಿ ಬಾಕ್ಸೈಟ್ ಅದಿರಿನಿಂದ ತೆಗೆಯುವ ಬಿಳಿ ಪುಡಿ ಅಲ್ಯೂಮಿನಾ, ಅಂದರೆ ಅಲ್ಯೂಮಿನಿಯಂ ಆಕ್ಸೈಡು. ಅದಿರಿನಿಂದ ಅದನ್ನು ಬಿಡಿಸುವುದು ಬಿಸಿ ಕಾಸ್ಟಿಕ್ ಸೋಡಾದಲ್ಲಿ ಕರಗಿಸಿ. ಕ್ಷಾರಕ್ಕೆ ಈ ಆಕ್ಸೈಡು ಕರಗುತ್ತದೆ ಅಂದ ಮೇಲೆ, ರಿಂಗ್‌ಗಳ ಹತ್ತಿರ ಸೋಡಾ ಯಾಕೆ ತರಬಾರದು ಅಂತ ಬೇರೆ ಹೇಳಬೇಕಿಲ್ಲ ಅಲ್ವಾ?

ಬಿಡಿ ರಿಂಗ್‌ಗಳ ಕಪ್ಪು

ಹೊಸ ಚೀಲ ಬಿಚ್ಚಿ ರಿಂಗ್‌ಗಳನ್ನು ಅಂಗೈಗೆ ಸುರುವಿಕೊಂಡರೆ ಬೆರಳು ಬೂದು ಬಣ್ಣಕ್ಕೆ ತಿರುಗುತ್ತವೆ. ಬಣ್ಣದ ಮೈ ಹಾಗೆ ಮಾಡುವುದಿಲ್ಲ. ಆನೊಡೈಸ್ ಮಾಡಿದ ಮೇಲೆ ಸುರುಳಿಯನ್ನು ಕತ್ತರಿಸಿದ್ದರೆ ಪ್ರತಿ ರಿಂಗಿನ ಎರಡೂ ತುದಿ ಬರೀ ಲೋಹ. ಅಲ್ಲಿಂದ ಉದುರುವ ಸಣ್ಣ ಪುಡಿ, ಕತ್ತರಿಸುವಾಗ ಹಾಕಿದ ಎಣ್ಣೆ, ಎರಡೂ ಸೇರಿ ಈ ಕಪ್ಪು. ಹೀಗೇ ಹೆಣೆದರೆ ಬಿಳಿ ಅಂಗಿಯ ತೋಳಿಗೆ ಗೆರೆ ಬೀಳುತ್ತದೆ.

ನಾನು ಮಾಡುವುದು ಇಷ್ಟು. ಅಗಲ ಬಾಯಿಯ ಉಪ್ಪಿನಕಾಯಿ ಬಾಟಲಿ, ಅರ್ಧದಷ್ಟು ಉಗುರು ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ. ಒಂದು ಸಲಕ್ಕೆ ಒಂದು ಹಿಡಿ ರಿಂಗ್, ಜಾಸ್ತಿ ಬೇಡ. ಮುಚ್ಚಳ ಹಾಕಿ ನಿಧಾನಕ್ಕೆ ಅಲುಗಾಡಿಸಬೇಕು. ಜೋರಾಗಿ ಕುಲುಕಿದರೆ ರಿಂಗ್‌ಗೆ ರಿಂಗ್ ಬಡಿದು ಸಣ್ಣ ಗೀರು ಬೀಳುತ್ತವೆ, ಕಡುಬಣ್ಣದಲ್ಲಿ ಅವು ಎದ್ದು ಕಾಣುತ್ತವೆ. ನಿಮಿಷದೊಳಗೇ ನೀರು ಪೆನ್ಸಿಲ್ ಸೀಸದ ಬಣ್ಣಕ್ಕೆ ಬರುತ್ತದೆ. ಚಹಾ ಸೋಸುವ ಜರಡಿಗೆ ಸುರಿದು, ಹೊಸ ನೀರು ಹಾಕಿ, ನೀರು ತಿಳಿಯಾಗುವವರೆಗೆ ಮತ್ತೆ ಮತ್ತೆ. ನೊರೆ ಪೂರ್ತಿ ಹೋಗಬೇಕು. ಉಳಿದ ಸೋಪು ಒಣಗಿ ಮಂಕು ಪೊರೆ ಕಟ್ಟುತ್ತದೆ, ಆಗ ತೊಳೆದೂ ತೊಳೆಯದಂತೆ.

ಪ್ರತಿ ಬಣ್ಣ ಬೇರೆ ಬಾಟಲಿಯಲ್ಲಿ. ಅದರಲ್ಲೂ ಹೊಸ ಕೆಂಪನ್ನು ಮೊದಲು ಒದ್ದೆ ಬಿಳಿ ಅರಿವೆಯಲ್ಲಿ ಒತ್ತಿ ನೋಡುತ್ತೇನೆ. ಅರಿವೆಗೆ ಗುಲಾಬಿ ಹತ್ತಿದರೆ ಸೀಲಿಂಗ್ ಸರಿಯಾಗಿಲ್ಲ. ಬೆಳ್ಳಿ ಬಣ್ಣದ ರಿಂಗ್‌ಗಳಿಗೆ ಫೌಂಟನ್ ಪೆನ್ ಇಂಕಿನ ಒಂದು ಹನಿ ಸಾಕು. ಸ್ವಲ್ಪ ಹೊತ್ತು ಬಿಟ್ಟು ಒರೆಸಿದಾಗ ಇಂಕು ಪೂರ್ತಿ ಹೋದರೆ ತೂತುಗಳು ಮುಚ್ಚಿವೆ, ಕಲೆ ನಿಂತರೆ ತೆರೆದಿವೆ. ಆನೊಡೈಸಿಂಗ್ ಮಾಡುವ ಕಡೆಯೂ ಇದೇ ತತ್ವದ ಪರೀಕ್ಷೆ ಇದೆ, ಅವರು ಮೊದಲು ಆಸಿಡ್ ಹಚ್ಚಿ ಆಮೇಲೆ ಡೈ ಹನಿಸುತ್ತಾರೆ. ಸೀಲ್ ಆಗದ ರಿಂಗ್ ಎಷ್ಟೇ ಚಂದ ಇದ್ದರೂ ಮೈಮೇಲೆ ಹಾಕುವ ಆಭರಣಕ್ಕೆ ನಾನು ಬಳಸುವುದಿಲ್ಲ. ಬೆವರಿಗೆ ಬಣ್ಣ ಬಿಡುತ್ತದೆ.

ವೈನಿಯ ಬ್ರೇಸ್ಲೆಟ್

ನೀಲಿ, ಬಂಗಾರ, ಗುಲಾಬಿ ಸೇರಿಸಿ ಹೆಣೆದದ್ದು. ವೈನಿ, ಅಂದರೆ ಅತ್ತಿಗೆ, ರೊಟ್ಟಿ ಬಡಿಯುವಾಗಲೂ ಅದನ್ನು ತೆಗೆಯುವುದಿಲ್ಲ. ಬೈಜಾಂಟೈನ್ ಹೆಣಿಗೆಯಲ್ಲಿ ಜೋಡಿ ಜೋಡಿ ರಿಂಗ್‌ಗಳು ಒಂದರ ಮೇಲೊಂದು ಮಡಚಿ ಕೂರುತ್ತವೆ, ನಡುವೆ ಸಣ್ಣ ಸಂದಿ. ಆ ಸಂದಿಯಲ್ಲಿ ಜೋಳದ ಹಿಟ್ಟು, ಎಣ್ಣೆ, ಸಾಬೂನು ಗಟ್ಟಿಯಾಗಿ ಕೂತಿದ್ದವು. ಸೂಜಿ ತುದಿಯಿಂದ ಕೆದರಿದರೆ ಗೀರು ಬೀಳುತ್ತದೆ. ಹಾಗಾಗಿ ಸೋಪಿನ ಬೆಚ್ಚಗಿನ ನೀರಿನಲ್ಲಿ ನೆನೆಸಿ, ಮಕ್ಕಳ ಮೆತ್ತನೆ ಟೂತ್‌ಬ್ರಶ್ಶಿನಿಂದ ಹೆಣಿಗೆಯ ಉದ್ದಕ್ಕೆ ತಿಕ್ಕಿದೆ. ಒಂದು ಸುತ್ತು ಆದ ಮೇಲೆ ಬ್ರೇಸ್ಲೆಟ್ ಮಡಚಿ ಹಿಗ್ಗಿಸಿದರೆ ಒಳಗಿನ ಕೊಳೆ ಸಡಿಲಾಗಿ ಹೊರಬರುತ್ತದೆ.

ವೈನಿಗೆ ಇಷ್ಟು ನಾಜೂಕು ಯಾಕೆ ಅಂತ ಅನ್ನಿಸಿತು. "ಹುಣಸೇಹಣ್ಣ ಹಚ್ಚಿ ತಿಕ್ಕಿದ್ರ ಆತಲ್ಲ, ತಾಮ್ರದ ತಂಬಿಗಿ ಹಂಗ ಹೊಳೀತದ" ಅಂದರು. "ಬ್ಯಾಡ್ರಿ ವೈನಿ, ಬಣ್ಣಾನ ಹೋಗ್ತದ" ಅಂದೆ. ತಾಮ್ರದ ಮೇಲಿನ ಕಿಲುಬು ಬೇಡದ ಪದರ, ಹುಳಿ ಅದನ್ನು ಕರಗಿಸಿ ತೆಗೆಯುತ್ತದೆ. ಇಲ್ಲಿ ಆಕ್ಸೈಡೇ ನಮಗೆ ಬೇಕಾದ ಪದರ. ಅದು ಹೆಚ್ಚು ಹುಳಿಗೂ ತಡೆಯುವುದಿಲ್ಲ, ಹೆಚ್ಚು ಕ್ಷಾರಕ್ಕೂ ತಡೆಯುವುದಿಲ್ಲ. ಹುಳಿ-ಕ್ಷಾರ ಅಳೆಯುವ ಪಿಎಚ್ ಲೆಕ್ಕದಲ್ಲಿ ಸುಮಾರು 4ರಿಂದ 8.5ರ ಒಳಗೆ ಕ್ಷೇಮ. ನಿಂಬೆಹಣ್ಣು, ಹುಣಸೆ, ವಿನೆಗರ್ ಆ ಗೆರೆಯ ಕೆಳಗೆ. ವಾಷಿಂಗ್ ಸೋಡಾ, ಬ್ಲೀಚ್, ಅಮೋನಿಯಾ ಮೇಲೆ.

ಬಾಯಿ ಮಾತು ಸಾಲದು ಅಂತ ಕೆಟ್ಟುಹೋದ ಒಂದಿಷ್ಟು ನೀಲಿ ರಿಂಗ್‌ಗಳನ್ನು ವಾಷಿಂಗ್ ಸೋಡಾ ನೀರಿಗೆ ಹಾಕಿ ಅವರಿಗೆ ತೋರಿಸಿದೆ. ಮೊದಲು ಕತ್ತರಿಸಿದ ತುದಿಗಳಲ್ಲಿ ಗುಳ್ಳೆ ಎದ್ದವು. ಅದು ಹೈಡ್ರೋಜನ್. ಸ್ವಲ್ಪ ಹೊತ್ತಿಗೆ ತುದಿಯಿಂದ ಬಣ್ಣ ಹಿಂದೆ ಸರಿಯುತ್ತಾ ಬಂತು, ಆಮೇಲೆ ಮೈಯೆಲ್ಲ ಸುಣ್ಣ ಬಳಿದ ಹಾಗೆ ಮಂಕು. ವೈನಿ ತಮ್ಮ ಬ್ರೇಸ್ಲೆಟ್ ಎತ್ತಿಕೊಂಡು ಸಿಂಕಿನಿಂದ ದೂರ ಇಟ್ಟರು.

ಕೊಳೆ ಹೋದ ಮೇಲೆ ನೀಲಿ, ಬಂಗಾರ ಎರಡೂ ಹೊಸದರಂತೆ ಬಂದವು. ಗುಲಾಬಿ ಬರಲಿಲ್ಲ. ಕೈಯ ಮೇಲ್ಭಾಗಕ್ಕೆ ಬರುವ ಕಡೆ ಪೇಲವ, ಒಳಭಾಗದಲ್ಲಿ ಗಾಢ. ಇದು ಬಿಸಿಲಿನ ಕೆಲಸ. ಗುಲಾಬಿ, ನೇರಳೆಗೆ ಹಾಕುವ ಸಾವಯವ ಡೈಗಳು ಬಿಸಿಲಿಗೆ ಬೇಗ ಸೋಲುತ್ತವೆ. ಬಂಗಾರದ ಬಣ್ಣಕ್ಕೆ ಬಹಳ ಕಡೆ ಫೆರಿಕ್ ಅಮೋನಿಯಂ ಆಕ್ಸಲೇಟ್ ಅನ್ನುವ ಕಬ್ಬಿಣದ ಲವಣ ಬಳಸುತ್ತಾರೆ, ಅದು ಬಿಸಿಲಿಗೆ ಗಟ್ಟಿ. ಬಿಳಿಚಿದ ರಿಂಗನ್ನು ಯಾವ ಸೋಪೂ ಸರಿ ಮಾಡುವುದಿಲ್ಲ, ಬದಲಿಸಬೇಕು ಅಷ್ಟೇ. ಒಂದೊಂದನ್ನೇ ಬದಲಿಸಿದರೆ ಹಳೆ ಗುಲಾಬಿ ಪಕ್ಕ ಹೊಸದು ಕಣ್ಣಿಗೆ ಹೊಡೆಯುತ್ತದೆ. ಗುಲಾಬಿ ಸಾಲು ಪೂರ್ತಿ ತೆಗೆದೆ. ಇಕ್ಕಳದ ಬಾಯಿಗೆ ಬಟ್ಟೆಯ ಟೇಪು ಸುತ್ತಿ, ರಿಂಗನ್ನು ಪಕ್ಕಕ್ಕೆ ತಿರುಚಿ ಬಿಚ್ಚಬೇಕು, ಎರಡೂ ಕಡೆ ಎಳೆದು ಅಗಲ ಮಾಡಬಾರದು. ಪದರ ಗಟ್ಟಿ, ಆದರೆ ಬಾಗುವುದಿಲ್ಲ. ಲೋಹ ಜಾಸ್ತಿ ಬಾಗಿದರೆ ಅದರಲ್ಲಿ ಕೂದಲೆಳೆಯಂಥ ಬಿರುಕು ಬಿಡುತ್ತವೆ.

ನೀರಿನ ಕಲೆ

ಕಪ್ಪು ರಿಂಗ್‌ಗಳು ತೊಳೆದ ಮೇಲೆ ಚುಕ್ಕಿ ಚುಕ್ಕಿಯಾಗುವುದಕ್ಕೆ ಬೋರ್‌ವೆಲ್ ನೀರಿನ ಸುಣ್ಣ ಕಾರಣ. ಕೊನೆಯ ಜಾಲಾಟಕ್ಕೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಳಸಿದರೆ ಚುಕ್ಕಿ ಇಲ್ಲ. ಹಳೆಯ ಕಾಟನ್ ಸೀರೆಯ ಮೇಲೆ ಹರಡಿ, ಇನ್ನೊಂದು ತುದಿಯಿಂದ ಮುಚ್ಚಿ ಹೊರಳಾಡಿಸಿ, ಫ್ಯಾನ್ ಕೆಳಗೆ ಬಿಡುತ್ತೇನೆ. ಬೆಳಗಾವಿ ಮಳೆಯಲ್ಲಿ ಒಣಗಲು ಹೊತ್ತು ಹಿಡಿಯುತ್ತದೆ. ಒದ್ದೆ ರಿಂಗ್ ಡಬ್ಬಿಗೆ ಹಾಕಿದರೆ ಕತ್ತರಿಸಿದ ತುದಿಗಳು ಮತ್ತೆ ಕಪ್ಪಾಗುತ್ತವೆ.

ಡ್ರಮ್ಮು

ಉದ್ಯಮಬಾಗದ ಗೆಳೆಯರೊಬ್ಬರು ಪಿವಿಸಿ ಪೈಪು, ಸಣ್ಣ ಗೇರ್ ಮೋಟಾರಿನಿಂದ ತಿರುಗುವ ಡ್ರಮ್ ಮಾಡಿಕೊಟ್ಟರು. ಸ್ಟೇನ್‌ಲೆಸ್ ಸ್ಟೀಲ್ ಗುಂಡು, ನೀರು, ಒಂದು ಹನಿ ಸೋಪು ಹಾಕಿ ತಿರುಗಿಸಿದಾಗ ಬಣ್ಣವಿಲ್ಲದ ಬರೀ ಅಲ್ಯೂಮಿನಿಯಂ ರಿಂಗ್‌ಗಳು ಅದ್ಭುತವಾಗಿ ಬಂದವು. ಗುಂಡು ಲೋಹವನ್ನು ಕೆರೆಯುವುದಿಲ್ಲ, ಒತ್ತಿ ನಯ ಮಾಡುತ್ತದೆ. ಕತ್ತರಿಸಿದ ತುದಿಯ ಚೂಪು ಕೂಡ ಹೋಗುತ್ತದೆ. ನಡುವೆ ಬೂದು ನೀರು ಚೆಲ್ಲಿ ಹೊಸದು ಹಾಕಬೇಕು, ಇಲ್ಲದಿದ್ದರೆ ಅದೇ ಕೊಳೆ ಮತ್ತೆ ಮೈಗೆ ಹತ್ತುತ್ತದೆ. ಬಣ್ಣದ ರಿಂಗ್‌ಗಳನ್ನು ಈ ಗುಂಡಿನ ಜೊತೆ ಬಹಳ ಹೊತ್ತು ತಿರುಗಿಸಿದರೆ ಅಂಚಿನ ಬಣ್ಣ ಸವೆಯುತ್ತದೆ, ಅವಕ್ಕೆ ಸ್ಟೀಲ್ ಬೇಡ.

ಅವಕ್ಕಾಗಿ ಗೋವಿನಜೋಳ. ಕಾಳು ಬಿಡಿಸಿದ ಮೇಲೆ ಉಳಿಯುವ ತೆನೆಯ ನಡುಭಾಗವನ್ನು ಒಣಗಿಸಿ ಪುಡಿ ಮಾಡಿದರೆ ಅದು ತೇವ, ಎಣ್ಣೆ ಎರಡನ್ನೂ ಹೀರುತ್ತದೆ, ಗೀರು ಬೀಳಿಸುವುದಿಲ್ಲ. ಲೋಹದ ಕೆಲಸದಲ್ಲಿ ಇದು ಬಳಕೆಯಲ್ಲಿರುವ ಪದ್ಧತಿಯೇ. ಬೈಲಹೊಂಗಲದ ಕಡೆಯಿಂದ ಒಂದು ಚೀಲ ಬಂದಿದೆ. ಪುಡಿಯ ಕಣ 4.4 ಮಿ.ಮೀ. ರಿಂಗಿನ ಒಳಗೆ ಸಿಕ್ಕಿಕೊಳ್ಳದಷ್ಟು ಸಣ್ಣದಿರಬೇಕು, ಧೂಳೂ ಇರಬಾರದು. ಸದ್ಯ ರವೆ ಜರಡಿಯಲ್ಲಿ ಸಾಣಿಸುತ್ತಿದ್ದೇನೆ. ಮೊದಲು ಡ್ರಮ್ಮಿಗೆ ಹೋಗುವುದು ಕಪ್ಪು ರಿಂಗ್‌ಗಳು, ಗೀರು ಬಿದ್ದರೆ ಅವುಗಳಲ್ಲೇ ಬೇಗ ಗೊತ್ತಾಗುತ್ತದೆ.